ತಲೆನೋವನ್ನು ಮುಚ್ಚಿಡದಿರಿ

ಕಾಶ್ಮೀರದ ಸೋನಮಾರ್ಗದಿಂದ ಗಡ್‌ಸರ್, ಗಂಗಾಬಲ್ ಮೊದಲಾದ ಹಿಮಸರೋವರಗಳತ್ತ ನಾವು ಗೆಳೆಯರೊಡನೆ ಹಲವು ದಿನಗಳ ಕಾಲ್ನಡಿಗೆ ಹೊರಟಿದ್ದೆವು. ಸುಮಾರು 3,500 ಮೀಟರ್ ಎತ್ತರದ ನಿಚ್ನೈ ಬಿಡಾರದಲ್ಲಿ ಬೆಳಗ್ಗೆ ಗೆಳೆಯರೊಬ್ಬರು ಉಪಾಹಾರ ಮುಟ್ಟಲಿಲ್ಲ. ಇತರರ ಉತ್ಸಾಹಕ್ಕೆ ಭಂಗವಾಗದಿರಲೆಂದು ರಾತ್ರಿಯ ತಲೆನೋವನ್ನು ಮುಚ್ಚಿಟ್ಟಿದ್ದರು.

ಎತ್ತರ ಏರಿದಂತೆ ವಾಯುವಿನ ಒತ್ತಡ ಕುಗ್ಗಿ, ಪ್ರತಿ ಉಸಿರಿನಲ್ಲಿಯೂ ಆಮ್ಲಜನಕ ಕಡಿಮೆಯಾಗುತ್ತದೆ. ದೇಹ ಹೊಂದಿಕೊಳ್ಳಬೇಕಾದರೆ 3,000 ಮೀಟರ್ ದಾಟಿದ ಮೇಲೆ ಮಲಗುವ ತಾಣವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು. ತಲೆನೋವಿನೊಡನೆ ವಾಕರಿಕೆ, ಬಳಲಿಕೆ ಕಂಡರೆ ಏರುವುದನ್ನು ನಿಲ್ಲಿಸಬೇಕು. ನಡಿಗೆ ತಡವರಿಸಿದರೆ ಅಥವಾ ಕುಳಿತಲ್ಲಿಯೇ ಏದುಸಿರು ಬಂದರೆ ತಕ್ಷಣ ಇಳಿಸಬೇಕು. ನಮ್ಮ ಶುಂಠಿ ಕಷಾಯವು ವಾಕರಿಕೆಯನ್ನು ತಗ್ಗಿಸೀತು, ಆಮ್ಲಜನಕವನ್ನು ನೀಡಲಾರದು.

ಮುಂದಿದ್ದುದು 4,000 ಮೀಟರಿಗೂ ಮಿಗಿಲಾದ ಘಟ್ಟ. ಅದನ್ನು ದಾಟಿದರೆ ಹಿಂದಿರುಗಲೂ ಮತ್ತೆ ಏರಲೇಬೇಕು. ಆದುದರಿಂದ ಎಲ್ಲರೂ ಅಲ್ಲಿಂದಲೇ ಇಳಿದೆವು. ಸಂಜೆ ಸೋನಮಾರ್ಗದಲ್ಲಿ ಅವರೇ ಊಟ ಕೇಳಿದರು.