ಬಳೆಯೊಳಗಣ ಚೌಕ

ತಿನಿಸಿಗೆ ರುಚಿಯೊಂದೇ ಸಾಲದು, ನೋಟವೂ ಬೇಕೆಂಬುದು ಹಳೆಯ ಮಾತು. ಆದರೆ ಆ ನೋಟವನ್ನು ಒಡಲಿನಲ್ಲಿ ಬಚ್ಚಿಟ್ಟುಕೊಂಡು, ಚಾಕುವಿನ ಅಲಗು ತಗುಲುವವರೆಗೂ ಅದರ ಸುಳಿವು ಕೊಡದ ತಿನಿಸುಗಳು ವಿರಳ. ಚದುರಂಗದ ಕೇಕು ಅಂಥದು. ಹೊರಗಿನಿಂದ ನೋಡಿದರೆ ಅದು ಎಲ್ಲ ಕೇಕುಗಳಂತೆ ದುಂಡಗೆ, ನಿರಾಡಂಬರವಾಗಿ ಕುಳಿತಿರುತ್ತದೆ. ಕೊಯ್ದು ಒಂದು ಹೋಳನ್ನು ಹೊರಗೆ ತೆಗೆದೊಡನೆ ಅದರ ಮೈಯಲ್ಲಿ ಕಂದು ಮನೆಗಳೂ ಬಿಳಿ ಮನೆಗಳೂ ಒಂದರ ಪಕ್ಕಕ್ಕೊಂದು, ಒಂದರ ಮೇಲೊಂದು, ಚದುರಂಗದ ಹಾಸನ್ನು ಎತ್ತಿ ನಿಲ್ಲಿಸಿದಂತೆ ಮೂಡಿರುತ್ತವೆ. ದುಂಡು ಪಾತ್ರೆಯಲ್ಲಿ ಬೆಂದದ್ದರೊಳಗೆ ಚೌಕ ಎಲ್ಲಿಂದ ಬಂತು? ಮಕ್ಕಳು ಕೇಳುವ ಈ ಪ್ರಶ್ನೆ ದೊಡ್ಡವರೂ ಕೇಳಬೇಕಾದದ್ದೇ.

ಬಸವಕಲ್ಯಾಣ, ಹುಮನಾಬಾದುಗಳಂಥ ಊರುಗಳಲ್ಲಿಯೂ ಇಂದು ಹುಟ್ಟುಹಬ್ಬಕ್ಕೆ ಕೇಕು ಕೊಯ್ಯುವುದು ಹೊಸ ಸಂಗತಿಯೇನೂ ಅಲ್ಲ. ಜೋಳದ ರೊಟ್ಟಿಯ ಹಂಚನ್ನು ಬಲ್ಲ ಅಡುಗೆಮನೆಗೆ ಈ ಪರದೇಶದ ಪಾಕವೇಕೆ ಎಂದು ಹಿರಿಯರು ಮುಖ ಸಿಂಡರಿಸುವುದೂ ಉಂಟು. ಆ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಉತ್ತರ ಹೇಳುವ ಮುನ್ನ ಕೇಕಿನ ಕಟ್ಟಡವನ್ನು ನೋಡಿಕೊಳ್ಳುವುದು ಲೇಸು.

ಇದಕ್ಕೆಂದೇ ಮಾಡಿದ ಸಲಕರಣೆಯಲ್ಲಿ ಒಂದೇ ಅಳತೆಯ ಮೂರು ದುಂಡು ತಟ್ಟೆಗಳೂ ಒಂದು ತಡಿಕೆಯೂ ಇರುತ್ತವೆ. ತಡಿಕೆಯೆಂದರೆ ಒಂದರೊಳಗೊಂದು ಕುಳಿತ, ಒಂದೇ ಕೇಂದ್ರವುಳ್ಳ ಎರಡು ಬಳೆಗಳು. ಅದನ್ನು ತಟ್ಟೆಯಲ್ಲಿಟ್ಟರೆ ಮೂರು ಕೋಣೆಗಳಾಗುತ್ತವೆ: ಹೊರಸುತ್ತು, ನಡುಸುತ್ತು, ಕೇಂದ್ರದ ಬಿಲ್ಲೆ. ಎರಡು ತಟ್ಟೆಗಳಲ್ಲಿ ಹೊರಸುತ್ತಿಗೂ ಬಿಲ್ಲೆಗೂ ಕೋಕೋ ಬೆರೆಸಿದ ಕಂದು ಹಿಟ್ಟು, ನಡುಸುತ್ತಿಗೆ ಬಿಳಿ ಹಿಟ್ಟು. ಮೂರನೆಯದರಲ್ಲಿ ಇದರ ತಿರುವುಮುರುವು. ಹಿಟ್ಟು ತುಂಬಿದ ಮೇಲೆ ತಡಿಕೆಯನ್ನು ಅಲುಗಿಸದೆ ನೇರವಾಗಿ ಮೇಲಕ್ಕೆತ್ತಿ, ತೊಳೆದು ಒರಸಿ, ಮುಂದಿನ ತಟ್ಟೆಗೆ ಇಡಬೇಕು. ಸುಮಾರು ೧೮೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅರ್ಧ ಗಂಟೆಯ ಹೊತ್ತಿಗೆ ತಟ್ಟೆಗಳು ಬೇಯುತ್ತವೆ. ಆರಿದ ಬಳಿಕ ಉಬ್ಬಿದ ನೆತ್ತಿಯನ್ನು ಕೊಯ್ದು ಸಮಮಾಡಿ, ನಡುವೆ ತೆಳ್ಳಗೆ ಜಾಮನ್ನೋ ಕೆನೆಯನ್ನೋ ಸವರಿ, ತಿರುವುಮುರುವಾದ ಪದರ ಮಧ್ಯದಲ್ಲಿ ಬರುವಂತೆ ಒಂದರ ಮೇಲೊಂದು ಪೇರಿಸಬೇಕು. ಕೆನೆ ದಪ್ಪವಾದರೆ ಮನೆಗಳ ನಡುವೆ ಗೆರೆ ಬಿದ್ದು ಚಿತ್ರದ ಅಂದ ಕೆಡುತ್ತದೆ.

ಇಲ್ಲಿ ರೇಖಾಗಣಿತದ ಒಂದು ಸಣ್ಣ ಕೌತುಕವಿದೆ. ಮೇಲಿನಿಂದ ಬಳೆಯಾಗಿ ಕಾಣುವುದು, ಕೇಂದ್ರದವರೆಗೆ ಸೀಳಿ ಪಕ್ಕದಿಂದ ನೋಡಿದಾಗ ಆಯತವಾಗಿ ಕಾಣುತ್ತದೆ. ಬಳೆಯ ಅಗಲವೂ ಪದರದ ಎತ್ತರವೂ ಸಮನಾದರೆ ಆ ಆಯತವೇ ಚೌಕ. ಮೂರು ಸುತ್ತು, ಮೂರು ಪದರ. ಹೋಳಿನ ಮೈಯಲ್ಲಿ ಒಂಬತ್ತು ಮನೆ. ಚಾಕು ಕೇಂದ್ರವನ್ನು ತಪ್ಪಿ ಅಡ್ಡ ಹಾಯ್ದರೆ ಮನೆಗಳ ಅಗಲ ಏರುಪೇರಾಗುತ್ತದೆ. ಹಿಟ್ಟಿನ ಲೆಕ್ಕವೂ ಸೊಗಸಾದದ್ದೇ. ಮೂರು ಸುತ್ತುಗಳ ಅಗಲ ಸಮನಾಗಿದ್ದರೆ ಬಿಲ್ಲೆಗೆ ೧ ಪಾಲು, ನಡುಸುತ್ತಿಗೆ ೩ ಪಾಲು, ಹೊರಸುತ್ತಿಗೆ ೫ ಪಾಲು ಹಿಟ್ಟು ಬೇಕು. ಮೂರು ತಟ್ಟೆಗಳನ್ನೂ ಕೂಡಿಸಿದರೆ ಕಂದು ೧೫ ಪಾಲು, ಬಿಳಿ ೧೨ ಪಾಲು. ಎಂದರೆ ೫ಕ್ಕೆ ೪. ಅರ್ಧಕ್ಕರ್ಧ ಕಲಸಿದವರಿಗೆ ಕೊನೆಯ ತಟ್ಟೆಯಲ್ಲಿ ಕಂದು ಹಿಟ್ಟು ಸಾಲದೆ ಹೋಗುವುದು ಇದರಿಂದಲೇ. ವರ್ತುಲದ ಕ್ಷೇತ್ರಫಲವನ್ನು ಕಲಿಸುವ ಉಪಾಧ್ಯಾಯರಿಗೆ ಇದಕ್ಕಿಂತ ಸಿಹಿಯಾದ ಉದಾಹರಣೆ ದೊರೆಯಲಾರದು.

ಲೆಕ್ಕ ಸರಿಯಾದರೂ ಕೇಕು ಸರಿಯಾಗುವುದೆಂಬ ಭರವಸೆಯಿಲ್ಲ. ಗುಟ್ಟು ಇರುವುದು ಹದದಲ್ಲಿ. ಕೋಕೋ ಪುಡಿ ತೇವವನ್ನು ಹೀರುವ ಗುಣವುಳ್ಳದ್ದು; ಅದು ಬೆರೆತ ಹಿಟ್ಟು ಬಿಳಿಯದಕ್ಕಿಂತ ಗಟ್ಟಿಯಾಗುತ್ತದೆ. ಆದಕಾರಣ ಅದಕ್ಕೆ ಒಂದೆರಡು ಚಮಚ ಹಾಲನ್ನು ಹೆಚ್ಚಿಗೆ ಸೇರಿಸಿ ಎರಡನ್ನೂ ಒಂದೇ ಹದಕ್ಕೆ ತರಬೇಕು. ಒಂದು ನೀರಾಗಿದ್ದರೆ ತಡಿಕೆ ಎತ್ತಿದೊಡನೆ ಇನ್ನೊಂದರ ಅಡಿಗೆ ನುಸುಳುತ್ತದೆ. ಒಂದು ಮಿತಿಮೀರಿ ಉಬ್ಬಿದರೆ ಪಕ್ಕದ್ದನ್ನು ಒತ್ತಿಹಾಕುತ್ತದೆ. ತಡಿಕೆ ಬೆಂಕಿಯವರೆಗೆ ಜೊತೆಗೆ ಬರುವುದಿಲ್ಲವೆಂಬುದನ್ನು ಗಮನಿಸಬೇಕು. ತಟ್ಟೆ ಒಲೆಗೆ ಹೋಗುವ ಮುನ್ನವೇ ಗೋಡೆಯನ್ನು ತೆಗೆದಾಗಿರುತ್ತದೆ. ಅನಂತರ ಎರಡು ಬಣ್ಣಗಳನ್ನು ತಮ್ಮ ತಮ್ಮ ಎಡೆಯಲ್ಲಿ ನಿಲ್ಲಿಸುವುದೂ, ಬೆಂದ ಮೇಲೆ ಬಿರುಕಿಲ್ಲದೆ ಒಂದಾಗಿಸುವುದೂ ಆ ಸಮಾನವಾದ ಹದವೇ. ಬಣ್ಣ ಬೇರೆ, ಹದ ಒಂದು: ಈ ಕೇಕಿನ ಶಾಸ್ತ್ರವೆಲ್ಲ ಇಷ್ಟೇ.

ಇಂಥ ಸಲಕರಣೆ ಸಿಗದ ಊರಿನಲ್ಲಿ ಗತಿಯೇನು? ತಗಡಿನ ಕೆಲಸ ಬಲ್ಲವರಿಂದ ಎರಡು ಬಳೆಗಳನ್ನು ಮಾಡಿಸಿಕೊಂಡರೆ ಆಯಿತು. ಅದೂ ಆಗದಿದ್ದರೆ ದಪ್ಪ ಕಾಗದದ ಕೊಳವೆಯಲ್ಲಿ ಹಿಟ್ಟು ತುಂಬಿ ಸುತ್ತುಸುತ್ತಾಗಿ ಹಿಂಡಬಹುದು. ಒವನ್ ಇಲ್ಲದ ಮನೆಗಳಲ್ಲಿ ದಪ್ಪ ತಳದ ಪಾತ್ರೆಯಲ್ಲಿ ಮರಳನ್ನೋ ಉಪ್ಪನ್ನೋ ಹರಡಿ ಕಾಯಿಸಿ, ಅದರ ಮೇಲೆ ತಟ್ಟೆಯಿಟ್ಟು ಮುಚ್ಚಿ ಬೇಯಿಸುವ ಉಪಾಯ ಪ್ರಸಿದ್ಧವಾಗಿಯೇ ಇದೆ. ಒಂದೊಂದು ತಿನಿಸಿಗೆ ಒಂದೊಂದು ಪಾತ್ರೆಯೆಂಬುದು ನಮಗೆ ಅಪರಿಚಿತವಾದದ್ದಲ್ಲ. ಗುಳಿಗಳ ಹಂಚಿಲ್ಲದೆ ಪಡ್ಡು ಇಲ್ಲ. ಬೋರಲು ಹಾಕಿ ಕಾಯಿಸಿದ ಪಾತ್ರೆಯಿಲ್ಲದೆ ಬೆಳಗಾವಿಯ ಮಂಡಿಗೆ ಇಲ್ಲ.

ಇನ್ನು ಹಿರಿಯರ ಆಕ್ಷೇಪ. ಇಂದಿನ ಬಸವಕಲ್ಯಾಣವೇ ಅಂದಿನ ಕಲ್ಯಾಣ, ಚಾಲುಕ್ಯರ ರಾಜಧಾನಿ. ಭೂಲೋಕಮಲ್ಲನೆಂಬ ಬಿರುದಿನ ಮೂರನೆಯ ಸೋಮೇಶ್ವರ ಸುಮಾರು ೧೧೨೯ರಲ್ಲಿ ‘ಮಾನಸೋಲ್ಲಾಸ’ವೆಂಬ ನೂರು ಅಧ್ಯಾಯಗಳ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅರಸನ ಊಟದ ವಿವರವೂ ಅದರಲ್ಲಿದೆ, ಚದುರಂಗದಾಟದ ವಿವರವೂ ಅದರಲ್ಲಿದೆ. ಇಂದಿನ ಇಡ್ಲಿಯ ಪೂರ್ವಜವೆನ್ನಬಹುದಾದ, ಅಕ್ಕಿ ಬೆರೆಸದೆ ಉದ್ದಿನಿಂದಲೇ ಮಾಡುತ್ತಿದ್ದ ಇಡ್ಡರಿಕೆ ಅಲ್ಲಿ ಉಕ್ತವಾಗಿದೆ. ಅಡುಗೆಯೂ ಚದುರಂಗವೂ ಒಂದೇ ಹೊತ್ತಗೆಯಲ್ಲಿ ಕೂಡಿದ್ದು ಈ ನೆಲದಲ್ಲಿಯೇ! ಆದರೆ ನಮ್ಮ ಹಳೆಯ ಹಾಸಿನ ೬೪ ಮನೆಗಳಿಗೆ ಎರಡು ಬಣ್ಣವಿರಲಿಲ್ಲ, ಗೆರೆಗಳಷ್ಟೇ ಇದ್ದವು. ಆಟವು ಪರ್ಷಿಯವನ್ನೂ ಅರಬರ ನಾಡನ್ನೂ ದಾಟಿ ಯೂರೋಪನ್ನು ಸೇರಿದ ಮೇಲೆ ಮನೆಗಳಿಗೆ ಕಪ್ಪು ಬಿಳುಪು ಬಂದಿತು. ಸಕ್ಕರೆಯ ಹೆಸರು ಕೂಡ ಸಂಸ್ಕೃತದ ‘ಶರ್ಕರಾ’ ಪದವಾಗಿ ಹೊರಟು ಅದೇ ದಾರಿ ಹಿಡಿದು ಪಶ್ಚಿಮಕ್ಕೆ ಹೋಯಿತು. ಕೋಕೋ ಅಮೆರಿಕ ಖಂಡದ್ದು. ಇವೆಲ್ಲ ಒಂದು ತಟ್ಟೆಯಲ್ಲಿ ಬೆರೆತು ಮರಳಿ ಕಲ್ಯಾಣಕ್ಕೆ ಬಂದರೆ, ಅದರಲ್ಲಿ ನಮ್ಮದೆಷ್ಟು ಪರರದೆಷ್ಟು ಎಂದು ಗೆರೆ ಎಳೆಯುವವರು ಯಾರು?

ಗೋಡೆಯನ್ನು ತೆಗೆಯುವ ಕೆಲಸಕ್ಕೆ ಈ ಊರು ತೆತ್ತ ಬೆಲೆ ಸಣ್ಣದಲ್ಲ. ೧೨ನೆಯ ಶತಮಾನದಲ್ಲಿ ಬಸವಣ್ಣನವರ ಸುತ್ತ ನೆರೆದ ಶರಣರಲ್ಲಿ ಬತ್ತ ಕುಟ್ಟುವ ಕಾಯಕದ ಕೊಟ್ಟಣದ ಸೋಮಮ್ಮ ಇದ್ದಳು, ಅಕ್ಕಿ ಆಯುವ ಮಾರಯ್ಯ ಲಕ್ಕಮ್ಮ ದಂಪತಿಗಳಿದ್ದರು. ಅಡುಗೆಮನೆಯ ದುಡಿಮೆಗೂ ಅರಮನೆಯ ದುಡಿಮೆಗೂ ಅಲ್ಲಿ ಒಂದೇ ಹದ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಆ ತಂದೆಯರಿಬ್ಬರನ್ನೂ ಕೊಲ್ಲಿಸಲಾಯಿತೆಂದು ಪರಂಪರೆ ಹೇಳುತ್ತದೆ. ಎರಡು ಬಣ್ಣಗಳು ಗೋಡೆಯಿಲ್ಲದೆ ಪಕ್ಕಪಕ್ಕದಲ್ಲಿ ನಿಲ್ಲುವುದನ್ನು ಆ ಕಾಲ ಸಹಿಸಲಿಲ್ಲ. ಆದರೂ ಆ ವಿಚಾರ ಈ ಸೀಮೆಯಲ್ಲಿ ಆರಿಹೋಗಲಿಲ್ಲ. ಕಲ್ಯಾಣದ ಸಮೀಪದ ಲಾಡವಂತಿಯಲ್ಲಿ ೧೮೧೭ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಹುಮನಾಬಾದಿನ ಬಳಿಯ ಮಾಣಿಕನಗರದಲ್ಲಿ ನೆಲೆಸಿ, ಎಲ್ಲ ಮತಗಳೂ ಮಾನ್ಯವೆಂಬ ಸಕಲಮತ ಸಂಪ್ರದಾಯವನ್ನು ಬೆಳೆಸಿದರು. ಕನ್ನಡ, ಮರಾಠಿ, ಉರ್ದು, ತೆಲುಗು ಒಂದೇ ಸಂತೆಯಲ್ಲಿ ಕೇಳಿಬರುವ ಸೀಮೆಗೆ ಒಪ್ಪುವ ಮತವೇ ಸರಿ.

ಒಂದು ಹೋಳು ಕೇಕಿನ ಮೇಲೆ ಇಷ್ಟು ಭಾರ ಹೇರುವುದು ಅತಿಯಾಯಿತೆಂದು ವಾಚಕರಿಗೆ ತೋರಿದರೆ, ಅದನ್ನು ಇಳಿಸಿ ತಿಂದುಬಿಡುವುದಕ್ಕೆ ಅಡ್ಡಿಯಿಲ್ಲ. ಮಾಡಲು ಹೊರಟವರು ಮಾತ್ರ ಇಷ್ಟನ್ನು ನೆನಪಿನಲ್ಲಿಡಬೇಕು: ಬಳೆಯನ್ನು ಎತ್ತುವಾಗ ಕೈ ನಡುಗದಿರಲಿ. ಎರಡೂ ಹಿಟ್ಟುಗಳ ಹದ ಸಮನಾಗಿದ್ದರೆ ಉಳಿದದ್ದನ್ನು ಒಲೆ ನೋಡಿಕೊಳ್ಳುತ್ತದೆ.