ತಾಮ್ರದ ಕಾಸುಗಳ ತರತಮ

ಬಾಬಾಬುಡನ್‌ಗಿರಿಯ ತಪ್ಪಲಿನ ಹಳೆಯ ಮನೆಗಳಲ್ಲಿ ಅಜ್ಜಿಯರ ಎಲೆಯಡಿಕೆ ಚೀಲವನ್ನೋ ಅಟ್ಟದ ಮೇಲಿನ ಪೆಟ್ಟಿಗೆಯನ್ನೋ ಕೊಡವಿದರೆ ನಾಲ್ಕಾರು ತಾಮ್ರದ ಕಾಸುಗಳು ಉದುರುವುದುಂಟು. ಚಿನ್ನದ ವರಹ ದೊರೆತರೆ ಮನೆಮಂದಿಯೆಲ್ಲ ಸುತ್ತ ನೆರೆಯುವರು. ಕಾಸನ್ನು ಮಕ್ಕಳ ಆಟಕ್ಕೆ ಬಿಟ್ಟುಕೊಡುವರು. ಆದರೆ ವರಹವನ್ನು ಮುಟ್ಟಿದವರು ಕೆಲವರು. ಸಂತೆಯಲ್ಲಿ ಉಪ್ಪು ಮೆಣಸು ಕೊಂಡವರ ಕೈಗಳನ್ನೆಲ್ಲ ಹಾಯ್ದು ಬಂದುದು ಕಾಸೇ. ಇದನ್ನು ಗುರುತಿಸುವ ಬಗೆಯನ್ನೂ ತರತಮವೆಣಿಸುವ ಕ್ರಮವನ್ನೂ ಇಲ್ಲಿ ವಿಚಾರ ಮಾಡೋಣ.

ಆನೆಯ ಕಾಸನ್ನು ಬಲ್ಲವರು ಬಹಳ. ಟೀಪೂ ಸುಲ್ತಾನನ (೧೭೮೨–೧೭೯೯) ತಾಮ್ರ ನಾಣ್ಯಗಳ ಮುಮ್ಮುಖದಲ್ಲಿ ಆನೆಯೂ ಹಿಮ್ಮುಖದಲ್ಲಿ ಪಾರಸಿ ಲಿಪಿಯ ಬರಹವೂ ಇವೆ. ಟಂಕಸಾಲೆಯ ಹೆಸರು ‘ಪಟನ್’ ಎಂದಿದ್ದರೆ ಅದು ಶ್ರೀರಂಗಪಟ್ಟಣದ್ದು; ‘ನಗರ’ ಎಂದಿದ್ದರೆ ನಮ್ಮ ಮಲೆನಾಡಿನ ಬಿದನೂರಿನದು. ಪೈಸೆಗೆ ಜುಹ್ರಾ, ಅರೆಪೈಸೆಗೆ ಬಹರಾಮ್, ಕಾಲುಪೈಸೆಗೆ ಅಖ್ತರ್, ಅದರರ್ಧಕ್ಕೆ ಕುತ್ಬ್ ಎಂದು ಹೆಸರು. ಶುಕ್ರ, ಮಂಗಳ, ನಕ್ಷತ್ರ, ಧ್ರುವ ಎಂದು ಇವುಗಳ ಅರ್ಥ, ಆಕಾಶವೇ ಅಂಗಡಿಗಿಳಿದಂತೆ! ೧೭೮೭ರ ಸುಮಾರಿಗೆ ಬಳಕೆಗೆ ಬಂದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದನ್ನರಿಯದವನು ೧೨೧೫ನ್ನು ೫೧೨೧ ಎಂದು ಓದಿ ಬೆರಗಾದಾನು.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸುಗಳಲ್ಲಿ ಮೊದಲು ಆನೆಯೂ ಅನಂತರ ಸಿಂಹವೂ ಕಾಣುವುವು. ಹಲವುಗಳ ಮೇಲೆ ‘ಶ್ರೀ ಚಾಮುಂಡಿ’ ಎಂಬ ಕನ್ನಡ ಬರಹವೂ ಉಂಟು. ೧೮೩೩ರಲ್ಲಿ ಟಂಕಸಾಲೆ ಬೆಂಗಳೂರಿಗೆ ಹೋಯಿತು, ೧೮೪೩ರಲ್ಲಿ ಮುಚ್ಚಿತು. ಅಲ್ಲಿಗೆ ಮೈಸೂರಿನ ಸ್ವಂತ ಕಾಸಿನ ಕಥೆ ಮುಗಿಯಿತು.

ಇನ್ನು ತರತಮದ ಮಾತು. ಮಾಸಿದ ನಾಣ್ಯವೆಲ್ಲ ಸವೆದ ನಾಣ್ಯವಲ್ಲ. ಕೈಯಿಂದ ಕೈಗೆ ಹೋಗಿ ಸವೆದುದಾದರೆ ಉಬ್ಬಿದ ಭಾಗಗಳು, ಎಂದರೆ ಆನೆಯ ಹಣೆ, ಹೊಟ್ಟೆ, ತೊಡೆ, ಮೊದಲು ನುಣುಪಾಗುವುವು. ತಗ್ಗಿನ ಗೆರೆಗಳು ಉಳಿದಿರುವುವು. ಸುತ್ತಿಗೆಯ ಪೆಟ್ಟೇ ಓರೆಯಾಗಿ ಬಿದ್ದುದಾದರೆ ಒಂದು ಮಗ್ಗುಲು ಸ್ಫುಟವಾಗಿಯೂ ಇನ್ನೊಂದು ಮಗ್ಗುಲು ಬರಿದಾಗಿಯೂ ಇರುವುದು. ಅಚ್ಚಿಗಿಂತ ಬಿಲ್ಲೆ ಚಿಕ್ಕದಾದರೆ ಬರಹದ ಅರ್ಧ ಹೊರಗೇ ಉಳಿಯುವುದು. ಮೊದಲನೆಯದು ಕಾಲದ ಕೆಲಸ, ಉಳಿದವು ಟಂಕಸಾಲೆಯ ಕೆಲಸ. ಎರಡನ್ನೂ ಬೇರೆ ಬೇರೆ ಬರೆದಿಡಬೇಕು. ಹದಿನಾರನೆಯ ಶತಮಾನದಲ್ಲಿ ರೋಮಿನ ಪೋಪರು ಹೊರಡಿಸಿದ ಕ್ವಾಟ್ರಿನೊ ಎಂಬ ಚಿಲ್ಲರೆ ನಾಣ್ಯವನ್ನು ಪರೀಕ್ಷಿಸುವವರಿಗೂ ಇದೇ ತೊಡಕು. ಕೈಯಿಂದ ಹೊಡೆದ ನಾಣ್ಯ ಎಲ್ಲಿಯದಾದರೂ ಅದರ ಗುಣದೋಷಗಳು ಒಂದೇ ಜಾತಿಯವು.

ನಾವು ಮೂರು ತರಗತಿಗಳನ್ನು ಇಟ್ಟುಕೊಂಡಿದ್ದೇವೆ. ಆನೆಯ ಕಣ್ಣು, ದಂತ, ಬಾಲಗಳೂ ಟಂಕಸಾಲೆಯ ಹೆಸರೂ ವರ್ಷವೂ ಸ್ಪಷ್ಟವಿದ್ದರೆ ಉತ್ತಮ. ಆನೆ ಬರಿಯ ಆಕಾರವಾಗಿದ್ದರೂ ಹೆಸರು ಓದಬರುವಂತಿದ್ದರೆ ಮಧ್ಯಮ. ಆನೆಯೆಂದಷ್ಟೇ ತಿಳಿಯುವುದಾದರೆ ಸಾಮಾನ್ಯ. ವರ್ಷವುಳ್ಳ ಮಧ್ಯಮ ನಾಣ್ಯವು ವರ್ಷವಿಲ್ಲದ ಅಂದವಾದ ನಾಣ್ಯಕ್ಕಿಂತ ಚರಿತ್ರೆಗೆ ಹೆಚ್ಚು ಬೇಕಾದುದು.

ಒಮ್ಮೆ ಮೂಡಿಗೆರೆಯ ಕಡೆಯ ತೋಟದ ಮನೆಯೊಂದರಲ್ಲಿ ನಮ್ಮ ಮುಂದೆ ಒಂದು ಬಟ್ಟಲು ಕಾಸನ್ನು ತಂದಿಟ್ಟರು. ಹಬ್ಬದ ತಂಬಿಗೆಯಂತೆ ಥಳಥಳಿಸುತ್ತಿದ್ದುವು. ನಾವು ಬರುವೆವೆಂದು ಮನೆಯವರು ಹಿಂದಿನ ದಿನವೇ ಹುಣಿಸೆಹಣ್ಣು ಹಚ್ಚಿ ಬೂದಿಯಿಂದ ಉಜ್ಜಿದ್ದರು. ಕಂದುಬಣ್ಣದ ಹೊದಿಕೆಯೊಡನೆ ಅಕ್ಷರಗಳೂ ಹೋಗಿದ್ದುವು. ಒಂದರಲ್ಲಿಯೂ ವರ್ಷ ಉಳಿದಿರಲಿಲ್ಲ. ಆದರಕ್ಕಾಗಿ ಮಾಡಿದ ಕೆಲಸವನ್ನು ಆಕ್ಷೇಪಿಸುವುದು ಹೇಗೆ? ಕಾಫಿ ಕುಡಿದು ಸುಮ್ಮನೆ ಬಂದೆವು. ಅಂದು ಆಡದೆ ಉಳಿದ ಮಾತನ್ನೇ ಇಂದು ಆಡುತ್ತಿದ್ದೇವೆ.

ಕಾಸನ್ನು ಉಜ್ಜಬೇಡಿರಿ. ಅಂಚನ್ನು ಹಿಡಿದು ನೋಡಿರಿ. ಗಿರಿಯ ಮಳೆಗಾಲದ ತೇವ ತಾಮ್ರಕ್ಕೆ ಶತ್ರು. ಒಂದೊಂದನ್ನೂ ಬೇರೆಯಾಗಿ ಸುತ್ತಿ ಒಣಗಿದ ಡಬ್ಬಿಯಲ್ಲಿಡಿರಿ. ಯಾವ ಊರು, ಯಾರ ಮನೆ, ಎಂದು ದೊರೆಯಿತು ಎಂಬುದನ್ನು ಚೀಟಿಯಲ್ಲಿ ಬರೆಯಿರಿ. ನೆಲದಲ್ಲಿ ಹೂತ ಗಡಿಗೆ ಸಿಕ್ಕಿದರೆ ಹಂಚಿಕೊಳ್ಳದೆ ಅಧಿಕಾರಿಗಳಿಗೆ ತಿಳಿಸಿರಿ. ಕಾಯಿದೆಯೂ ಅದನ್ನೇ ಹೇಳುತ್ತದೆ. ಚದರಿದ ಗಡಿಗೆ ಮತ್ತೆ ಕೂಡುವುದಿಲ್ಲ. ಕಾಸಿನ ಬೆಲೆ ಅಂದೂ ಅಲ್ಪ, ಇಂದೂ ಅಲ್ಪವಿರಬಹುದು. ಅದು ಹೇಳುವ ಸಾಕ್ಷ್ಯ ಮಾತ್ರ ಒಮ್ಮೆ ಅಳಿಸಿದರೆ ಯಾವ ಹಣಕ್ಕೂ ಮರಳಿ ಬಾರದು.