ಮೋಡದ ಒಡಲು ನೋಡುವ ರಾಡಾರ್



ಬೈಂದೂರು, ಕುಂದಾಪುರ, ಬ್ರಹ್ಮಾವರ ತಾಲ್ಲೂಕುಗಳ ಅಡಿಕೆ ಬೆಳೆಗಾರರಿಗೆ ಮಳೆಗಾಲದಲ್ಲಿ ಒಂದೇ ಚಿಂತೆ: ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಮಳೆ ಎಂದು ಬಿಡುವು ಕೊಟ್ಟೀತು? ಭತ್ತದ ಗದ್ದೆಗೆ ಯೂರಿಯಾ ಮೇಲುಗೊಬ್ಬರ ಕೊಡುವವರ ಪ್ರಶ್ನೆಯೂ ಇದೇ. ಹಗುರ ಮಳೆಯೆಂದು ನಂಬಿದ ದಿನ ಜಡಿಮಳೆ ಸುರಿದರೆ ಔಷಧ, ಗೊಬ್ಬರ, ಕೂಲಿ ಮೂರೂ ನೀರುಪಾಲು. ಮುನ್ಸೂಚನೆ ತಪ್ಪಲು ಇರುವ ಕಾರಣಗಳಲ್ಲಿ ಒಂದು, ನಮ್ಮ ಮೋಡಗಳ ಎತ್ತರ.

ಹವಾಮಾನ ಇಲಾಖೆಯ ರಾಡಾರ್ ಸುತ್ತಲೂ ದೂರಕ್ಕೆ ಅಲೆಗಳನ್ನು ಕಳಿಸುತ್ತದೆ. ಭೂಮಿ ಗುಂಡಗಿರುವುದರಿಂದ, ನೆಲಮಟ್ಟಕ್ಕಿಂತ ಅರ್ಧ ಡಿಗ್ರಿಯಷ್ಟೇ ಮೇಲಕ್ಕೆ ಹೊರಟ ಅಲೆಯೂ 200 ಕಿ.ಮೀ. ಸಾಗುವಾಗ ಸುಮಾರು 4 ಕಿ.ಮೀ. ಎತ್ತರಕ್ಕೇರಿರುತ್ತದೆ. ಗೋವೆಯ ರಾಡಾರಿಗೆ ಕುಂದಾಪುರ ಅಷ್ಟು ದೂರ. ಕಡಲ ಗಾಳಿ ಘಟ್ಟಕ್ಕೆ ತಾಗಿ ಮೇಲೇರಿದಾಗ ಕಟ್ಟುವ ತಗ್ಗು ಮೋಡಗಳು ಆ ಅಲೆಯ ಅಡಿಯಲ್ಲೇ ಉಳಿದುಬಿಡಬಹುದು.

ಇಂತಹ ಮೋಡಗಳನ್ನು ತಿಳಿಯಲು ಮೇಲ್ಮುಖ ರಾಡಾರ್ ನೆರವಾಗುತ್ತದೆ. ಇದನ್ನು ನೆಲದ ಮೇಲಿಟ್ಟು ನೆಟ್ಟಗೆ ಆಕಾಶಕ್ಕೆ ಗುರಿಮಾಡುತ್ತಾರೆ. ಮರಳಿ ಬಂದ ಅಲೆಯಿಂದ ಹನಿಗಳ ಎತ್ತರ ಮತ್ತು ಬೀಳುವ ವೇಗ ತಿಳಿಯುತ್ತದೆ. ವೇಗದಿಂದ ಗಾತ್ರವನ್ನು ಲೆಕ್ಕಹಾಕಬಹುದು: 1 ಮಿ.ಮೀ. ಹನಿ ಸೆಕೆಂಡಿಗೆ ಸುಮಾರು 4 ಮೀಟರ್, 5 ಮಿ.ಮೀ. ಹನಿ ಸುಮಾರು 9 ಮೀಟರ್ ವೇಗದಲ್ಲಿ ಬೀಳುತ್ತದೆ. ಎತ್ತರದ ಮೋಡಗಳಲ್ಲಿ ಹಿಮ ಕರಗಿ ನೀರಾಗುವ ಸ್ಥಳ, ಸುಮಾರು 5 ಕಿ.ಮೀ. ಮೇಲೆ, ಹೊಳೆಯುವ ಪಟ್ಟಿಯಾಗಿ ಕಾಣುತ್ತದೆ. ತಗ್ಗು ಮೋಡಗಳಲ್ಲಿ ಹಿಮವಿಲ್ಲ, ಪಟ್ಟಿಯೂ ಇರುವುದಿಲ್ಲ.

ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯು ನಮ್ಮದೇ ಘಟ್ಟಸಾಲಿನ ಮಹಾಬಲೇಶ್ವರದಲ್ಲಿ 2012ರಿಂದ ಪ್ರಯೋಗಾಲಯ ನಡೆಸುತ್ತಿದೆ. ಘಟ್ಟದ ಗಾಳಿಮುಖದಲ್ಲಿ ಮುಂಗಾರು ಮಳೆಯ ಬಹುಪಾಲು ತಗ್ಗು ಮೋಡಗಳಿಂದ, ಸಣ್ಣ ಹನಿಗಳಾಗಿ ಬೀಳುತ್ತದೆಂದು ಅಲ್ಲಿನ ಅಧ್ಯಯನಗಳು ತೋರಿಸಿವೆ.

ಆದರೆ ಮೇಲ್ಮುಖ ರಾಡಾರ್ ನೋಡುವುದು ತನ್ನ ನೆತ್ತಿಯ ಮೇಲಿನ ಆಕಾಶವನ್ನು ಮಾತ್ರ. ಕೊಲ್ಲೂರಿನ ಮಳೆ ಬೇರೆ, ಕಡಲಂಚಿನ ಮಳೆ ಬೇರೆ. ಆದುದರಿಂದ ತಾವು ಈ ಕ್ರಮಗಳನ್ನು ಅನುಸರಿಸುವುದು ಒಳಿತು:

1. ಮರ, ಮಾಡುಗಳಿಂದ ದೂರವಾದ ಬಯಲಿನಲ್ಲಿ ಮಳೆಮಾಪಕವಿಟ್ಟು, ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳತೆ ಬರೆದಿಡಿರಿ. 1 ಮಿ.ಮೀ. ಮಳೆಯೆಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು.

2. ಶೇಕಡಾ 1ರ ಬೋರ್ಡೋ ದ್ರಾವಣದ ಮೊದಲ ಸಿಂಪರಣೆಯನ್ನು ಮುಂಗಾರಿಗೆ ಮುನ್ನವೇ ಮುಗಿಸಿರಿ. ಎರಡನೆಯದು 40-45 ದಿನಗಳ ನಂತರ. ದ್ರಾವಣವನ್ನು ಬಿಡುವು ಕಂಡ ದಿನವೇ ತಯಾರಿಸಿ, ಅಂದೇ ಬಳಸಿರಿ.

3. ಗದ್ದೆಯ ನೀರು ಬಸಿದ ಮೇಲೆ, ಜಡಿಮಳೆಯ ಸೂಚನೆಯಿಲ್ಲದಾಗ ಯೂರಿಯಾ ಹಾಕಿರಿ.

ನಾಲ್ಕಾರು ವರ್ಷ ತಪ್ಪದೆ ಬರೆದಿಟ್ಟರೆ, ತಮ್ಮ ತೋಟಕ್ಕೆ ಯಾವ ವಾರ ಬಿಡುವು ಸಿಗುವುದು ಹೆಚ್ಚು ಎಂಬುದನ್ನು ತಮ್ಮ ಪುಸ್ತಕವೇ ತಿಳಿಸೀತು.